ಬ್ಲಾಗಿನ ಓದುಗರು ಹಳೆಯ ಪೋಸ್ಟ್‌ಗಳಲ್ಲಿದ್ದಾರೆ

ಹೊಸ ಪೋಸ್ಟ್ ಹಾಕಿದ ದಿನ ಓದುಗರ ಸಂಖ್ಯೆಯ ಗ್ರಾಫ್ ಚಂಗನೆ ಏರುತ್ತದೆ, ಮೂರ್ನಾಲ್ಕು ದಿನಕ್ಕೆ ನೆಲ ಕಚ್ಚುತ್ತದೆ. ಈ ಏರಿಳಿತವನ್ನೇ ನೋಡುತ್ತ ಕೂತವರು ವಾರಕ್ಕೆರಡು ಬರೆಯಲು ಹೊರಟು ಸುಸ್ತಾಗುತ್ತಾರೆ, ಇಲ್ಲವೇ ಬ್ಲಾಗನ್ನೇ ಕೈಬಿಡುತ್ತಾರೆ. ನೋಡಬೇಕಾದ ಅಂಕಿ ಬೇರೆ: ಏನನ್ನೂ ಹಾಕದೆ ಎರಡು ವಾರ ಕಳೆದ ಮೇಲೂ ದಿನಕ್ಕೆ ಎಷ್ಟು ಜನ ಬರುತ್ತಿದ್ದಾರೆ? ಆ ತಳಮಟ್ಟವನ್ನು ಹಿಡಿದಿಡುವುದು ಹಳೆಯ ಪೋಸ್ಟ್‌ಗಳು. ಬ್ಲಾಗಿಗೆ ಕೊಡುವ ಸಮಯದಲ್ಲಿ ಅರ್ಧವನ್ನಾದರೂ ಅವುಗಳ ದುರಸ್ತಿಗೆ ಎತ್ತಿಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಈ ಕೆಲಸ ಶುರುವಾಗುವುದು ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ, ಅಂದರೆ ಹುಡುಕಾಟದಲ್ಲಿ ನಿಮ್ಮ ಬ್ಲಾಗ್ ಹೇಗೆ ಕಾಣುತ್ತಿದೆ ಎಂದು ತೋರಿಸುವ ಗೂಗಲ್‌ನ ಸಾಧನದಲ್ಲಿ. ಪರ್ಫಾರ್ಮೆನ್ಸ್ ರಿಪೋರ್ಟ್ ತೆರೆದು, ಕಳೆದ 3 ತಿಂಗಳನ್ನು ಹಿಂದಿನ ವರ್ಷದ ಅದೇ 3 ತಿಂಗಳ ಜೊತೆ ಹೋಲಿಸಿ. ಅದಕ್ಕೆ ಬದಲು ಬೆನ್ನಿಗಿರುವ 3 ತಿಂಗಳ ಜೊತೆ ಹೋಲಿಸಿದರೆ ರಜೆ, ಪರೀಕ್ಷೆ, ಹವಾಮಾನದ ಏರಿಳಿತವೇ ಕುಸಿತದ ಹಾಗೆ ಕಾಣುತ್ತದೆ. ಅಲ್ಲಿ ಮಾಹಿತಿ ಉಳಿಯುವುದು 16 ತಿಂಗಳು ಮಾತ್ರ, ಈ ಹೋಲಿಕೆಗೆ 15 ತಿಂಗಳು ಬೇಕು. ಅದಕ್ಕಿಂತ ಹಿಂದಿನದು ಬೇಕೆಂದರೆ ಆಗಾಗ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಂಡಿರಬೇಕು. ಒಂದು ಸಲಕ್ಕೆ 1,000 ಸಾಲು ಸಿಗುತ್ತದೆ. ವೈಯಕ್ತಿಕ ಬ್ಲಾಗಿಗೆ ಅಷ್ಟು ಧಾರಾಳ.

ಈಗ ಕ್ಲಿಕ್ ಹೆಚ್ಚು ಕಳೆದುಕೊಂಡ ಪುಟದಿಂದ ಹಿಡಿದು ಒಂದೊಂದಾಗಿ ನೋಡುತ್ತ ಬನ್ನಿ. ಸೈಕಲ್ ಚೈನ್ ತೊಳೆಯುವ ಬಗ್ಗೆ ಒಂದು ಪೋಸ್ಟ್ ಇದೆ, ಅದರ ಕ್ಲಿಕ್ 600ರಿಂದ 250ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ. ಕ್ಲಿಕ್ ಒಂದನ್ನೇ ನೋಡಿದರೆ ಏನೂ ತಿಳಿಯದು. ಪಕ್ಕದಲ್ಲಿರುವ ಇಂಪ್ರೆಷನ್ (ಫಲಿತಾಂಶದಲ್ಲಿ ಪುಟ ಎಷ್ಟು ಸಲ ಕಾಣಿಸಿತು) ಮತ್ತು ಪೊಸಿಷನ್ (ಎಷ್ಟನೇ ಜಾಗದಲ್ಲಿ) ಸೇರಿಸಿ ಓದಬೇಕು. ಇಂಪ್ರೆಷನ್ ಹಾಗೇ ಇದ್ದು ಪೊಸಿಷನ್ 4ರಿಂದ 9ಕ್ಕೆ ಜಾರಿದ್ದರೆ, ನಿಮಗಿಂತ ಚೆನ್ನಾಗಿ ಬರೆದವರು ಮೇಲೆ ಬಂದಿದ್ದಾರೆ. ಪ್ರೈವೇಟ್ ವಿಂಡೋದಲ್ಲಿ ಅದೇ ಪದಗಳನ್ನು ಹುಡುಕಿ, ಮೇಲಿನ ಐದು ಪುಟ ಓದಿ. ಅವರು ಚೈನ್ ಬಿಚ್ಚದೆ ತೊಳೆಯುವುದನ್ನೂ, ಒಣಗಿದ ಮೇಲೆ ಎಣ್ಣೆ ಎಷ್ಟು ಹನಿ ಹಾಕಬೇಕೆಂಬುದನ್ನೂ ಹೇಳಿದ್ದು ನೀವು ಹೇಳಿರದಿದ್ದರೆ ಕೊರತೆ ಅಲ್ಲೇ ಇದೆ. ಪೊಸಿಷನ್, ಇಂಪ್ರೆಷನ್ ಎರಡೂ ಹಾಗೇ ಇದ್ದು ಕ್ಲಿಕ್ ಮಾತ್ರ ಬಿದ್ದಿದ್ದರೆ, ಉತ್ತರ ಫಲಿತಾಂಶದ ಪುಟದಲ್ಲೇ ಸಿಕ್ಕಿಬಿಡುತ್ತಿದೆ, ಇಲ್ಲವೇ ನಿಮ್ಮ ಶೀರ್ಷಿಕೆ ಸಪ್ಪೆಯಾಗಿದೆ. ಶೀರ್ಷಿಕೆ ಬದಲಿಸಿ ನೋಡಬಹುದು. ಒಂದೇ ಸಾಲಿನ ಉತ್ತರದ ಪ್ರಶ್ನೆಯಾಗಿದ್ದರೆ ಆ ಕ್ಲಿಕ್ ಮರಳಿ ಬರುವುದು ಕಷ್ಟ. ಇಂಪ್ರೆಷನ್ನೇ ಬಿದ್ದಿದ್ದರೆ ಮೊದಲು ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್‌ನಲ್ಲಿ ಪುಟ ಇಂಡೆಕ್ಸ್‌ನಲ್ಲಿ, ಅಂದರೆ ಗೂಗಲ್ ಹುಡುಕುವ ಪಟ್ಟಿಯಲ್ಲಿ, ಇದೆಯೇ ಎಂದು ನೋಡಿ. ಪೊಸಿಷನ್ ಕುಸಿಯದೆ, ಪುಟವೂ ಇಂಡೆಕ್ಸ್‌ನಲ್ಲಿದ್ದರೆ ಜನ ಆ ವಿಷಯವನ್ನೇ ಹುಡುಕುವುದು ಕಡಿಮೆಯಾಗಿರಬೇಕು. ಅಂಥ ಪೋಸ್ಟನ್ನು ಅದರ ಪಾಡಿಗೆ ಬಿಡಿ.

ಸರಾಸರಿ ಪೊಸಿಷನ್ ಒಂದು ಮೋಸಗಾರ ಅಂಕಿ. ಪುಟ ಕಾಣಿಸಿಕೊಂಡ ಹುಡುಕಾಟಗಳಷ್ಟನ್ನೇ ಅದು ಲೆಕ್ಕ ಹಿಡಿಯುತ್ತದೆ. ನಿಮ್ಮ ಪೋಸ್ಟ್ ಇನ್ನೂ ನೂರು ಹೊಸ ಪದಗಳಿಗೆ 40ನೇ ಜಾಗದಲ್ಲಿ ಕಾಣಲು ಶುರುವಾದರೆ ಕ್ಲಿಕ್ ಏರುತ್ತಿದ್ದರೂ ಸರಾಸರಿ ಕೆಡುತ್ತದೆ. ಯಾವತ್ತೂ ಒಂದು ಪುಟ, ಒಂದು ಕ್ವೆರಿ (ಜನ ಹುಡುಕಿದ ಪದಗಳು) ಎಂದು ಫಿಲ್ಟರ್ ಹಾಕಿಯೇ ನೋಡಿ.

ಕ್ವೆರಿಯ ಮೇಲೆ ಫಿಲ್ಟರ್ ಹಾಕಿ ಪೇಜಸ್ ಟ್ಯಾಬ್ ಒತ್ತಿದಾಗ ಕೆಲವೊಮ್ಮೆ ನಿಮ್ಮದೇ ಎರಡು ಪುಟ ಬರುತ್ತವೆ, ಕ್ಲಿಕ್ ಎರಡಕ್ಕೂ ಹಂಚಿಹೋಗಿರುತ್ತದೆ. ಒಂದೇ ವಿಷಯಕ್ಕೆ ಮತ್ತೆ ಮತ್ತೆ ಮರಳುವವರ ಬ್ಲಾಗಿನಲ್ಲಿ ಇದು ಮಾಮೂಲು. ಎರಡೂ ಒಂದೇ ಪ್ರಶ್ನೆಗೆ ಉತ್ತರವಾಗಿದ್ದರೆ, ಹೊರಗಿನ ಲಿಂಕ್ ಹೆಚ್ಚಿರುವ ಪುಟವನ್ನು ಉಳಿಸಿ, ಇನ್ನೊಂದರ ಸತ್ವವನ್ನು ಅದರೊಳಗೆ ಸೇರಿಸಿ, ಬಿಟ್ಟ ವಿಳಾಸಕ್ಕೆ ಬಂದವರನ್ನು ಉಳಿಸಿದ ಪುಟಕ್ಕೆ ಕಾಯಂ ಆಗಿ ತಿರುಗಿಸುವ 301 ರೀಡೈರೆಕ್ಟ್ ಕೊಡಿ. ರೀಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಿ ಎನ್ನುತ್ತದೆ ಗೂಗಲ್. ತೆಗೆಯುವುದೇ ಬೇಡ ಎನ್ನುತ್ತೇನೆ ನಾನು. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವ ಸೋಮಾರಿತನ ಮಾತ್ರ ಬೇಡ, ಅದನ್ನು ಸರ್ಚ್ ಎಂಜಿನ್ 404 (ಪುಟವೇ ಇಲ್ಲ) ಎಂದೇ ಎಣಿಸಬಹುದು.

ತಿದ್ದುವುದೆಂದರೆ ದಿನಾಂಕ ಬದಲಿಸುವುದಲ್ಲ. ಒಳಗೆ ಏನೂ ಮಾಡದೆ ಇಂದಿನ ತಾರೀಕು ಹಾಕಿದರೆ ಓದುಗನಿಗೂ ಗೊತ್ತಾಗುತ್ತದೆ, ಸರ್ಚ್ ಎಂಜಿನ್‌ಗೂ ಗೊತ್ತಾಗುತ್ತದೆ. ಸೈಟ್‌ಮ್ಯಾಪ್‌ನ (ಸರ್ಚ್ ಎಂಜಿನ್‌ಗೆ ಕೊಡುವ ಪುಟಗಳ ಪಟ್ಟಿಯ) ಲಾಸ್ಟ್‌ಮಾಡ್, ಅಂದರೆ ಕೊನೆಯ ಸಲ ತಿದ್ದಿದ ತಾರೀಕು, ನಿಜವಾಗಿದ್ದಷ್ಟು ಕಾಲವೇ ಗೂಗಲ್ ಅದನ್ನು ನಂಬುತ್ತದೆ. ಅಲ್ಲಿಯ ಪ್ರಯಾರಿಟಿ, ಚೇಂಜ್‌ಫ್ರೀಕ್ವೆನ್ಸಿಗಳನ್ನಂತೂ ನೋಡುವುದೇ ಇಲ್ಲ. ತಿದ್ದಿದ ದಿನವನ್ನು ಒಂದು ಪಟ್ಟಿಯಲ್ಲಿ ಬರೆದಿಡಿ, ನಾಲ್ಕು ವಾರ ಮತ್ತೆ ಕೈ ಹಾಕಬೇಡಿ. ನಡುವೆ ಇನ್ನೊಂದು ಸಲ ಕೆದಕಿದರೆ ಯಾವ ಬದಲಾವಣೆಯಿಂದ ಏನಾಯಿತೆಂದು ತಿಳಿಯುವುದಿಲ್ಲ.

ವಿಳಾಸವನ್ನು ಮುಟ್ಟಲೇಬೇಡಿ. ಪರ್ಮಾಲಿಂಕ್‌ನಲ್ಲಿ (ಪೋಸ್ಟಿನ ಕಾಯಂ ವಿಳಾಸದಲ್ಲಿ) ವರ್ಷ, ತಿಂಗಳು ಇರದಂತೆ ಮೊದಲ ದಿನವೇ ಹೊಂದಿಸಿಕೊಂಡರೆ ಮುಂದೆ ಪೋಸ್ಟ್ ತಿದ್ದಿದಾಗ ವಿಳಾಸ ಹಳತಾಗಿ ಕಾಣದು. ರೋಮನ್ ಅಲ್ಲದ ಲಿಪಿಯಲ್ಲಿ ಬರೆಯುವವರಿಗೆ ಇನ್ನೊಂದು ಪೇಚು ಇದೆ. ಕಂಪ್ಯೂಟರ್ ಅಕ್ಷರಗಳನ್ನು ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ವಿಳಾಸದಲ್ಲಿ ಎನ್‌ಕೋಡ್ ಆದಾಗ ಅದು 9 ಕ್ಯಾರೆಕ್ಟರ್. ಒತ್ತಕ್ಷರ, ಗುಣಿತಗಳೂ ಲೆಕ್ಕಕ್ಕೆ ಬರುವುದರಿಂದ ‘ಕ್ಷಿ’ ಒಂದೇ 36 ತಿನ್ನುತ್ತದೆ. ಸ್ಲಗ್‌ಗೆ, ಅಂದರೆ ವಿಳಾಸದಲ್ಲಿ ಆ ಪೋಸ್ಟನ್ನು ಹೆಸರಿಸುವ ಭಾಗಕ್ಕೆ, ವರ್ಡ್‌ಪ್ರೆಸ್ ಕೊಡುವ ಜಾಗ 200 ಕ್ಯಾರೆಕ್ಟರ್. ಹಾಗಾಗಿ ನಾಲ್ಕೈದು ಪದದ ಶೀರ್ಷಿಕೆ ವಿಳಾಸದಲ್ಲಿ ನಡುವೆಯೇ ತುಂಡಾಗುತ್ತದೆ, ಹಂಚಿಕೊಂಡಾಗ ಶೇಕಡಾ ಚಿಹ್ನೆಗಳ ಉದ್ದ ಬಾಲವಾಗುತ್ತದೆ. ಪ್ರಕಟಿಸುವ ಮುನ್ನ ಸ್ಲಗ್ ಅನ್ನು ಕೈಯಾರೆ ಎರಡು ಮೂರು ಪದಕ್ಕೆ ಇಳಿಸಿ.

ಇಂಡೆಕ್ಸೇ ಆಗದ ಬ್ಲಾಗಿನಲ್ಲಿ ಮೊದಲು ನೋಡಬೇಕಾದ್ದು ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗ್ಸ್. ಸರ್ಚ್ ಎಂಜಿನ್‌ಗಳನ್ನು ತಡೆಯುವ ಟಿಕ್ ಅನ್ನು ಸೈಟ್ ಕಟ್ಟುವಾಗ ಹಾಕಿ ಮರೆತವರು ಬೇಕಾದಷ್ಟು ಜನ ಇದ್ದಾರೆ. ಇನ್ನೊಂದು ಗೊಂದಲ: ಪುಟಕ್ಕೆ ನೋಇಂಡೆಕ್ಸ್ (ಇಂಡೆಕ್ಸ್‌ಗೆ ಸೇರಿಸಬೇಡ ಎಂಬ ಸೂಚನೆ) ಹಾಕಿ, ಬಾಟ್‌ಗಳನ್ನು ಹೊರಗಿಡುವ ರೋಬಾಟ್ಸ್ ಫೈಲ್‌ನಲ್ಲೂ ತಡೆದರೆ, ಸರ್ಚ್ ಎಂಜಿನ್‌ನ ಬಾಟ್ ಒಳಗೆ ಬರದೆ ಆ ನೋಇಂಡೆಕ್ಸನ್ನೇ ಓದಲಾಗದು.

ಒಳಲಿಂಕುಗಳ ಕೆಲಸ ಅಗ್ಗ, ಫಲ ಹೆಚ್ಚು. ಅತಿ ಹೆಚ್ಚು ಓದಿಸಿಕೊಳ್ಳುವ ಹತ್ತು ಪೋಸ್ಟ್ ತೆರೆದು, ಪ್ರತಿಯೊಂದರಿಂದ ಎರಡೋ ಮೂರೋ ಸಂಬಂಧಪಟ್ಟ ಪೋಸ್ಟ್‌ಗೆ ಪ್ಯಾರಾದ ಒಳಗೇ ಲಿಂಕ್ ಕೊಡಿ. ‘ಇಲ್ಲಿ ಒತ್ತಿ’ ಎಂದು ಬರೆಯುವ ಬದಲು ಆ ಪೋಸ್ಟಿನ ವಿಷಯವನ್ನೇ ಲಿಂಕ್‌ನ ಪದವಾಗಿಸಿ. ಸಿಕ್ಕಸಿಕ್ಕ ಟ್ಯಾಗ್ ಹಾಕುವುದನ್ನು ನಿಲ್ಲಿಸಿ. ಒಂದೊಂದು ಟ್ಯಾಗೂ ಒಂದೊಂದು ಖಾಲಿ ಪುಟ ಹುಟ್ಟಿಸುತ್ತದೆ.

ವೇಗದ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳುವವರೇ ಹೆಚ್ಚು. ಗೂಗಲ್‌ನ ಅಳತೆ ಇಷ್ಟು: ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಸ್ಪಂದಿಸಬೇಕು, ಪುಟದ ಅಲುಗಾಟದ ಅಂಕ 0.1 ಮೀರಬಾರದು. ಬ್ಲಾಗುಗಳಲ್ಲಿ ಇದು ಕೆಡುವುದು ಸಾಮಾನ್ಯವಾಗಿ ಮೇಲಿನ ಚಿತ್ರದಿಂದ. ಫೋನಿನಿಂದ ಬಂದ 4,000 ಪಿಕ್ಸೆಲ್ ಅಗಲದ ಫೋಟೊವನ್ನು 1,600ಕ್ಕೆ ಇಳಿಸಿ, ಗಾತ್ರ ಕಿರಿದಾಗಿಸುವ ವೆಬ್‌ಪಿ ಫೈಲ್ ಮಾಡಿ, ಅಗಲ ಎತ್ತರ ನಮೂದಿಸಿ, ಆ ಮೊದಲ ಚಿತ್ರಕ್ಕೆ ಮಾತ್ರ ಲೇಜಿ ಲೋಡಿಂಗ್ (ಓದುಗ ಹತ್ತಿರ ಬಂದಾಗಷ್ಟೇ ಚಿತ್ರ ತರಿಸುವ ವ್ಯವಸ್ಥೆ) ತೆಗೆದುಹಾಕಿ.

ಬ್ಲಾಗಿಗೆ ಬಂದವರ ಲೆಕ್ಕ ಇಡುವ ಅನಾಲಿಟಿಕ್ಸ್‌ನಲ್ಲಿ ‘ಡೈರೆಕ್ಟ್’ ಎಂದು ತೋರುವವರೆಲ್ಲ ವಿಳಾಸ ಟೈಪ್ ಮಾಡಿ ಬಂದವರಲ್ಲ. ವಾಟ್ಸ್‌ಆ್ಯಪ್‌ನಂಥ ಆ್ಯಪಿನಿಂದ ಬಂದವರೂ ಬಹುಪಾಲು ಅಲ್ಲೇ ಸೇರುತ್ತಾರೆ. ನೀವೇ ಹಂಚುವ ಲಿಂಕಿಗೆ ಯುಟಿಎಂ (ಎಲ್ಲಿಂದ ಬಂದರೆಂದು ಹೇಳುವ ಗುರುತು) ಸೇರಿಸಿದರೆ ಬೇರೆಯಾಗಿ ಕಾಣುತ್ತಾರೆ. ಬ್ಲಾಗಿನ ಒಳಲಿಂಕಿಗೆ ಮಾತ್ರ ಯುಟಿಎಂ ಹಾಕಬೇಡಿ, ಓದುಗ ಮೊದಲು ಎಲ್ಲಿಂದ ಬಂದ ಎಂಬ ಲೆಕ್ಕವೇ ಕಲಸಿಹೋಗುತ್ತದೆ.

ಹಲವು ಬ್ಲಾಗುಗಳ ಹೊಸ ಪೋಸ್ಟ್‌ಗಳನ್ನು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಮುಚ್ಚಿದಾಗ ಅದರೊಳಗೇ ಓದುತ್ತಿದ್ದವರನ್ನು ಎಷ್ಟೋ ಬ್ಲಾಗುಗಳು ಕಳೆದುಕೊಂಡವು. ಓದುಗರ ಇಮೇಲ್ ಪಟ್ಟಿ ನಿಮ್ಮ ಕೈಯಲ್ಲಿದ್ದರೆ ಆ ಅಪಾಯ ಕಡಿಮೆ. ಸೇರಿಕೊಳ್ಳುವ ಪೆಟ್ಟಿಗೆಯನ್ನು ಪೋಸ್ಟ್ ಮುಗಿಯುವಲ್ಲಿ ಇಡಿ. ಓದಲು ಶುರು ಮಾಡುವ ಮುನ್ನವೇ ಮುಖಕ್ಕೆ ಬರುವ ಪಾಪ್‌ಅಪ್ ಬೇಡ. ಸೇರಿದವರಿಗೆ ಖಚಿತಪಡಿಸುವ ಮೇಲ್ ಕಳಿಸಿದರೆ ಪಟ್ಟಿ ಸಣ್ಣದಾಗುತ್ತದೆ, ಆದರೆ ಸ್ಪ್ಯಾಮ್ ದೂರು ಕಡಿಮೆಯಾಗುತ್ತದೆ. ಜಿಮೇಲ್ 2024ರ ಫೆಬ್ರುವರಿಯಿಂದ ನಿಯಮ ಬಿಗಿ ಮಾಡಿದೆ, ದೂರಿನ ಪ್ರಮಾಣ ಶೇ 0.3 ಮುಟ್ಟಬಾರದು. ನ್ಯೂಸ್‌ಲೆಟರ್ ಸೇವೆಯಿಂದ ಕಳಿಸುವಾಗ ‘ಫ್ರಮ್’ ಜಾಗದಲ್ಲಿ ಜಿಮೇಲ್ ವಿಳಾಸ ಹಾಕಿದರೆ ಮೇಲ್ ಸ್ಪ್ಯಾಮ್ ಸೇರುವ ಸಾಧ್ಯತೆ ಹೆಚ್ಚು. ಸ್ವಂತ ಡೊಮೇನ್ ವಿಳಾಸ ಬಳಸಿ, ಮೇಲ್ ನಿಜವಾಗಿ ನಿಮ್ಮದೇ ಎಂದು ಸಾಬೀತು ಮಾಡುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರನ್ನೂ ಡಿಎನ್‌ಎಸ್‌ನಲ್ಲಿ (ಡೊಮೇನ್‌ನ ದಾಖಲೆಗಳಲ್ಲಿ) ಸೇರಿಸಿ. ಓಪನ್ ರೇಟ್ (ಎಷ್ಟು ಜನ ಮೇಲ್ ತೆರೆದರೆಂಬ ಪ್ರಮಾಣ) ನೋಡಿ ಹಿಗ್ಗಬೇಡಿ. 2021ರಿಂದ ಆ್ಯಪಲ್ ಮೇಲ್‌ನ ಗೋಪ್ಯತಾ ವ್ಯವಸ್ಥೆ ಓದದ ಮೇಲನ್ನೂ ತೆರೆದಂತೆ ತೋರಿಸುತ್ತದೆ. ಮೇಲ್‌ನಿಂದ ಬ್ಲಾಗಿಗೆ ಬಂದ ಕ್ಲಿಕ್ಕನ್ನಷ್ಟೇ ಎಣಿಸಿ.