ತಾಮ್ರದ ಪೈಪ್ ಸೋರಿದಾಗ: ಬೆಸುಗೆ ಹಿಡಿಯುವುದು ಎಲ್ಲಿ?

ಸೋರುವ ಜಾಯಿಂಟ್ ಮೇಲೆ ಇನ್ನಷ್ಟು ಸೋಲ್ಡರ್ (ಕರಗಿಸಿ ಬೆಸೆಯುವ ತವರದ ಮಿಶ್ರಲೋಹ) ಸುರಿದರೆ ಸಾಕು ಅಂತ ಕಲಿಯುವಾಗ ನಾನೂ ಅಂದುಕೊಂಡಿದ್ದೆ. ಹಾಗೇ ಮಾಡಿದೆ. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಹನಿ. ಯಾಕೆ ಅಂತ ತಿಳಿದ ಮೇಲೆ ಉಳಿದದ್ದೆಲ್ಲ ಸುಲಭವಾಯಿತು.

ಪೈಪ್ ಫಿಟ್ಟಿಂಗ್ ಒಳಗೆ, ಅಂದರೆ ಪೈಪುಗಳನ್ನು ಜೋಡಿಸುವ ತುಂಡಿನೊಳಗೆ, ಕೂತಾಗ ಎರಡರ ನಡುವೆ ಸುಮಾರು 0.1 ಮಿ.ಮೀ. ಸಂದು ಉಳಿಯುತ್ತದೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಈ ಸಂದು ಕರಗಿದ ಸೋಲ್ಡರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಕೆಳಗಿಂದ ಮೇಲಕ್ಕೂ ಎಳೆಯುತ್ತದೆ. ಜಾಯಿಂಟ್‌ನ ಬಲವೆಲ್ಲ ಆ ತೆಳು ಪದರದಲ್ಲಿದೆ, ಹೊರಗಿನ ಗಡ್ಡೆಯಲ್ಲಿ ಅಲ್ಲ. ಒಳಗೆ ಕಿಲುಬು ಕೂತಿದ್ದರೆ ಹೊರಗೆ ಎಷ್ಟು ಹಚ್ಚಿದರೂ ಸುಮ್ನೆ ದಂಡ.

ಪಾತ್ರೆಗೆ ಕಲಾಯಿ ಹಾಕುವುದನ್ನು ನೋಡಿದ್ದೀರಲ್ವಾ? ಮೊದಲು ಚೆನ್ನಾಗಿ ಉಜ್ಜುತ್ತಾರೆ, ಕಾಯಿಸುತ್ತಾರೆ, ನವಸಾಗರ ಉದುರಿಸುತ್ತಾರೆ. ಆಮೇಲೆ ತವರ ತಾನಾಗಿ ಹರಡುತ್ತದೆ. ಇಲ್ಲಿಯೂ ಅದೇ ಕ್ರಮ. ನವಸಾಗರದ ಜಾಗದಲ್ಲಿ ಫ್ಲಕ್ಸ್ ಇದೆ, ಅಂದರೆ ಕಿಲುಬು ತೆಗೆದು ಸೋಲ್ಡರ್ ಹರಡಲು ಬಿಡುವ ಲೇಪ, ಅಷ್ಟೇ.

ಇನ್ನೊಂದು ಶತ್ರು ನೀರು. ಸೀಸವಿಲ್ಲದ ತವರದ ಸೋಲ್ಡರ್ ಕರಗಲು 230 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೇಕು. ಪೈಪ್‌ನಲ್ಲಿ ನೀರಿದ್ದರೆ ಅದು 100 ಡಿಗ್ರಿಗೇ ಕುದಿದು ಶಾಖವನ್ನೆಲ್ಲ ತಿಂದುಬಿಡುತ್ತದೆ. ಹಬೆ ಸೋಲ್ಡರನ್ನು ಹೊರಗೆ ತಳ್ಳಿ ಸಣ್ಣ ತೂತು ಬಿಡುತ್ತದೆ. ಆದ್ದರಿಂದ ವಾಲ್ವ್ ಮುಚ್ಚಿ, ಲೈನ್ ಖಾಲಿ ಮಾಡಿ, ಹಬೆ ಹೋಗಲು ಒಂದು ನಲ್ಲಿ ತೆರೆದಿಡಿ. ಆದರೂ ಹನಿ ಬರುತ್ತಿದ್ದರೆ ಬ್ರೆಡ್‌ನ ಬಿಳಿ ಭಾಗವನ್ನು ಉಂಡೆ ಮಾಡಿ ಪೈಪ್ ಒಳಗೆ ತುರುಕುವುದು ಹಳೆಯ ಉಪಾಯ. ನೀರು ಬಿಟ್ಟಾಗ ಕರಗಿ ಹೋಗುತ್ತದೆ.

ಹಾಗಾಗಿ ಸೋರುವ ಜಾಯಿಂಟನ್ನು ಕಾಯಿಸಿ ಪೂರ್ತಿ ಬಿಚ್ಚಿ. ಎಮರಿ ಪೇಪರ್‌ನಿಂದ ತಾಮ್ರ ಹೊಳೆಯುವಷ್ಟು ಉಜ್ಜಿ. ಫಿಟ್ಟಿಂಗ್ ಹೊಸದು ಹಾಕುವುದೇ ಲೇಸು. ಫ್ಲಕ್ಸ್ ತೆಳ್ಳಗೆ ಸವರಿ, ಪೈಪನ್ನು ಒಳಗೆ ಕೂರಿಸಿ, ಬೆಂಕಿಯನ್ನು ಫಿಟ್ಟಿಂಗ್‌ಗೆ ಹಿಡಿಯಿರಿ. ಸೋಲ್ಡರ್ ಕಡ್ಡಿಯನ್ನು ಬೆಂಕಿ ಕರಗಿಸಬಾರದು, ಬಿಸಿಯಾದ ತಾಮ್ರವೇ ಕರಗಿಸಬೇಕು. 15 ಮಿ.ಮೀ. ಪೈಪ್‌ನ ಒಂದು ಜಾಯಿಂಟ್‌ಗೆ ಅಷ್ಟೇ ಉದ್ದದ ಕಡ್ಡಿ ಸಾಕು. ಜಾಸ್ತಿ ಕಾಯಿಸಿದರೆ ಫ್ಲಕ್ಸ್ ಸುಟ್ಟು ಕಪ್ಪಾಗುತ್ತದೆ, ಮತ್ತೆ ಮೊದಲಿಂದ ಶುರು. ತಣ್ಣಗಾಗುವ ತನಕ ಅಲುಗಿಸಬೇಡಿ. ಉಳಿದ ಫ್ಲಕ್ಸನ್ನು ಒದ್ದೆ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಅದೇ ತಾಮ್ರವನ್ನು ತಿನ್ನುತ್ತದೆ.

ತೂತು ಪೈಪ್ ಮಧ್ಯದಲ್ಲಿದ್ದರೆ ಆ ತುಂಡು ಕತ್ತರಿಸಿ, ಒಳಗೆ ತಡೆಯಿಲ್ಲದ ಜೋಡಣೆ ಕೊಳವೆ, ಅಂದರೆ ಸ್ಲಿಪ್ ಕಪ್ಲಿಂಗ್, ಜಾರಿಸಿ ಬೆಸೆಯಿರಿ.

ಈಗ ಆಯ್ಕೆ. ಸೀಸ ಬೆರೆತ ಸೋಲ್ಡರ್ 183 ಡಿಗ್ರಿಗೇ ಕರಗತೊಡಗುತ್ತದೆ, ಕೆಲಸ ಸಲೀಸು. ಆದರೆ ಕುಡಿಯುವ ನೀರಿನ ಲೈನ್‌ಗೆ ಬೇಡವೇ ಬೇಡ. ಅಮೆರಿಕ 1986ರಲ್ಲೇ ಅದನ್ನು ನಿಷೇಧಿಸಿತು. ಎಸಿ ಪೈಪ್‌ಗೆ ಸೋಲ್ಡರ್ ಸಾಲದು, ಅಲ್ಲಿ ಒತ್ತಡ, ನಡುಕ ಎರಡೂ ಇವೆ. 450 ಡಿಗ್ರಿಗಿಂತ ಮೇಲೆ ಮಾಡುವ ಗಟ್ಟಿ ಬೆಸುಗೆ, ಅಂದರೆ ಬ್ರೇಜಿಂಗ್ ಬೇಕು. ನಮ್ಮ ಮನೆಗಳ ಮೇಲಿನ, ನೀರು ಕಾಯಿಸುವ ಸೋಲಾರ್ ಪ್ಯಾನೆಲ್ ಒಳಗಿನ ಕೊಳವೆಗೂ ಹಾಗೆಯೇ: ನೀರಿಲ್ಲದೆ ಬಿಸಿಲಿಗೆ ನಿಂತರೆ ಅದು 150 ಡಿಗ್ರಿ ದಾಟಬಹುದು, ಕರಗದಿದ್ದರೂ ಆ ಬಿಸಿಗೆ ಸೋಲ್ಡರ್ ಬಲ ಕಳೆದುಕೊಳ್ಳುತ್ತದೆ. ಮರದ ಹಲಗೆಗೆ ಅಂಟಿಕೊಂಡ ಪೈಪ್ ಹತ್ತಿರ ಬೆಂಕಿ ಹಿಡಿಯುವ ಧೈರ್ಯ ಬೇಡ, ನಟ್ ಬಿಗಿಯುವ ಕಂಪ್ರೆಶನ್ ಫಿಟ್ಟಿಂಗ್ ಹಾಕಿ. ಆದರೆ ಅದನ್ನು ಗೋಡೆಯೊಳಗೆ ಮುಚ್ಚಬೇಡಿ. ಮುಂದೊಂದು ದಿನ ಸ್ಪ್ಯಾನರ್ ಹಿಡಿದು ಅಲ್ಲಿಗೆ ಹೋಗಲೇಬೇಕಾಗಬಹುದು.