ಹಾಲು-ತುಪ್ಪದ ದಿನ ನಕ್ಕ ಹುಡುಗಿ

ಹುಡುಗಿಗೆ 16 ವರ್ಷ. ಜಯನಗರದ ನನ್ನ ಕೌನ್ಸೆಲಿಂಗ್ ರೂಮಿಗೆ ಅಮ್ಮನೇ ಎಳೆದುಕೊಂಡು ಬಂದಿದ್ದರು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.) ಮಾಡಿದ ತಪ್ಪೇನು? ಜೀವದ ಗೆಳತಿಯ ಹಾಲು-ತುಪ್ಪದ ದಿನ ರುದ್ರಭೂಮಿಯಲ್ಲಿ ನಕ್ಕಿದ್ದು.

ಎಡೆ ಇಟ್ಟು ಎಲ್ಲರೂ ಕಾಗೆಗೆ ಕಾಯುತ್ತಿದ್ದರು. ಅದು ಮರದಲ್ಲೇ ಕೂತಿತ್ತು, ಇಳಿಯಲೇ ಇಲ್ಲ. 'ಏನೋ ಆಸೆ ಉಳಿಸ್ಕೊಂಡು ಹೋಗಿದೆ ಕೂಸು' ಅಂತ ಒಬ್ಬ ಅಜ್ಜಿ ಕಣ್ಣೊರೆಸಿಕೊಂಡರು. ಪಕ್ಕದಲ್ಲಿದ್ದ ಕ್ಲಾಸಿನ ಹುಡುಗ ಪಿಸುಗುಟ್ಟಿದ: 'ಗೋಬಿ ಇಟ್ಟಿಲ್ವಲ್ಲ, ಹೇಗೆ ಬರ್ತಾಳೆ?' ಇಬ್ಬರಿಗೂ ನಗು ತಡೆಯಲಾಗಲಿಲ್ಲ.

'ಇವಳಿಗೆ ಕರುಳೇ ಇಲ್ವಾ ಮೇಡಂ?' ಅಂದರು ಅಮ್ಮ.

ಎಲೆಯಲ್ಲಿದ್ದ ಚಿತ್ರಾನ್ನ, ವಡೆ ಯಾರ ಎಡೆಗಾದರೂ ನಡೆಯುತ್ತೆ. ಗೋಬಿ ಮಂಚೂರಿ ಮಾತ್ರ ಅವಳೊಬ್ಬಳದು. ಆ ಮಾತಿಗೆ ನಗು ಬರಬೇಕಾದರೆ ಅವಳ ಜೊತೆ ಗಾಡಿ ಮುಂದೆ ನಿಂತು ತಿಂದಿರಬೇಕು, ಅಲ್ವಾ?

1999ರಲ್ಲಿ ಮಾರ್ಗರೆಟ್ ಸ್ಟ್ರೋಬ, ಹೆಂಕ್ ಶುಟ್ ಅನ್ನುವ ಇಬ್ಬರು ಸಂಶೋಧಕರು ಇದನ್ನೇ ಬರೆದರು. ದುಃಖದಲ್ಲಿರುವವರು ಒಮ್ಮೆ ಅದರಲ್ಲಿ ಮುಳುಗುತ್ತಾರೆ, ಒಮ್ಮೆ ಎದ್ದು ಬದುಕಿನ ಕಡೆ ಬರುತ್ತಾರೆ, ಮತ್ತೆ ಮುಳುಗುತ್ತಾರೆ. ಹದಿಹರೆಯದವರಲ್ಲಿ ಇದು ಮಳೆಗಾಲದ ಕರೆಂಟ್ ಇದ್ದ ಹಾಗೆ. ಹತ್ತು ನಿಮಿಷ ಇರುತ್ತೆ, ಹೋಗುತ್ತೆ, ಮತ್ತೆ ಬರುತ್ತೆ.

ಅಮ್ಮ ಹೊರಗೆ ಹೋದ ಮೇಲೆ ಅಸಲಿ ವಿಷಯ ಹೊರಗೆ ಬಂತು. ಆ ಹುಡುಗ ಈಗ ಇವಳಿಗೆ ಇಷ್ಟ ಆಗುತ್ತಿದ್ದಾನೆ. ಬಸ್‌ಸ್ಟಾಪಿನಲ್ಲಿ ಅವನು ಕಂಡರೆ ಎದೆ ಡವಡವ ಅನ್ನುತ್ತೆ. 'ಅವಳು ಹೋಗಿ ಎರಡು ತಿಂಗಳೂ ಆಗಿಲ್ಲ ಮೇಡಂ. ಇದನ್ನ ಮೊದಲು ಅವಳಿಗೇ ಹೇಳ್ತಿದ್ದೆ' ಅಂದಳು. ಅತ್ತಿದ್ದು ಆಗ. ತಪ್ಪು ಮಾಡುತ್ತಿದ್ದೀನಿ ಅನ್ನುವ ಭಯ, ಹೇಳಿಕೊಳ್ಳೋಕೆ ಅವಳಿಲ್ಲ ಅನ್ನುವ ಸಂಕಟ, ಎರಡೂ ಒಟ್ಟಿಗೆ. ಸಾವು ನೋಡಿ ಬಂದ ಮೇಲೂ ವಯಸ್ಸು ತನ್ನ ಕೆಲಸ ಮಾಡುತ್ತೆ. ಅದಕ್ಕೆ ಸೂತಕ ಇಲ್ಲ.

ಅಮ್ಮನಿಗೆ ಒಂದು ಸಿನಿಮಾ ನೋಡೋಕೆ ಹೇಳಿದೆ. 2016ರಲ್ಲಿ ಬಿಡುಗಡೆಯಾದ 'ತಿಥಿ'. ಮುತ್ತಜ್ಜ ಸೆಂಚುರಿ ಗೌಡನ ಕಾರ್ಯ ಹತ್ತಿರ ಬಂದರೂ ಮರಿಮಗ ಕುರಿ ಕಾಯುವ ಹುಡುಗಿಯ ಹಿಂದೆ ಅಲೆಯುತ್ತಿರುತ್ತಾನೆ. ಥಿಯೇಟರಿನಲ್ಲಿ ನಾವೆಲ್ಲ ನಕ್ಕಿದ್ದೆವು. ಮನೆ ಮಗಳು ಹಾಗೆ ಮಾಡಿದರೆ ಮಾತ್ರ ಕೌನ್ಸೆಲರ್!

ಹಾಗಂತ ಸುಮ್ನೆ ಬಿಟ್ಟುಬಿಡಿ ಅನ್ನುತ್ತಿಲ್ಲ. ಆರು ತಿಂಗಳು ಕಳೆದರೂ ಹೆಚ್ಚುಕಡಿಮೆ ದಿನವೂ ಅದೇ ಕೊರಗು ಇದ್ದು, ಓದು, ಸ್ನೇಹ ಯಾವುದೂ ಬೇಡವಾಗಿದ್ದರೆ ತೋರಿಸಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೊರಡುವಾಗ ಕೇಳಿದೆ: 'ಕೊನೆಗೆ ಕಾಗೆ ಬಂತಾ?'

'ಬಂತು ಮೇಡಂ. ಅವನು ಓಡಿಹೋಗಿ ಒಂದು ಪ್ಲೇಟ್ ಗೋಬಿ ತಂದ. ಅದು ವಡೆ ಎತ್ಕೊಂಡು ಹೋಯ್ತು.'