ಮುಯ್ಯಿ ತೀರಿಸದ ಹೊಲಿಗೆ

ಅರಸೀಕೆರೆ ಸೀಮೆಯ ನಮ್ಮ ಅಜ್ಜಿಯ ಮನೆಯಲ್ಲಿ ಒಂದು ಹಳೆಯ ಕೌದಿ ಇತ್ತು. ಅಜ್ಜಿ ಅದರ ಮೇಲೆ ಬೆರಳಾಡಿಸಿ, ಯಾವ ಸಾಲು ಯಾರದೆಂದು ಹೇಳಿಬಿಡುತ್ತಿದ್ದಳು. ಉದ್ದುದ್ದ ಎಳೆ ಬಿದ್ದಿದ್ದರೆ ನಮ್ಮ ದೊಡ್ಡಮ್ಮನ ಕೈ: 'ಅವಳಿಗೆ ಹುಟ್ಟಿದಾಗಿನಿಂದಲೂ ಅವಸರ.' ರಾಗಿ ಕಾಳು ಜೋಡಿಸಿದಂತೆ ಸಣ್ಣ ಹೊಲಿಗೆ ಇದ್ದರೆ ಪಕ್ಕದ ಮನೆಯಾಕೆಯದು. ನಡುವೆ ಒಂದು ಕಡೆ ಸಾಲು ಸೊಟ್ಟಗಾಗಿತ್ತು. ಅದು ನಮ್ಮ ಅಮ್ಮ ಹತ್ತು ವರ್ಷದವಳಿದ್ದಾಗ ಹಾಕಿದ್ದಂತೆ. ಅದನ್ನು ಯಾರೂ ಬಿಚ್ಚಿರಲಿಲ್ಲ.

'ಸಮುದಾಯದ ಸಹಭಾಗಿತ್ವದ ಜವಳಿ ಕಲೆ' ಎಂಬ ಮಾತು ಈಗ ಹಾಸನ, ಚಿಕ್ಕಮಗಳೂರುಗಳಲ್ಲೂ ಕೇಳಿಬರುತ್ತಿದೆ. ಹತ್ತಾರು ಜನ ಸೇರಿ ಒಂದೇ ಬಟ್ಟೆಯನ್ನು ಹೊಲಿಯುವುದು, ನೇಯುವುದು, ಅದನ್ನು ಗೋಡೆಗೆ ತೂಗುಹಾಕುವುದು. ಮಾತು ಹೊಸದು, ಕೆಲಸ ಹಳೆಯದು. ಆದರೆ ಹಳೆಯ ಕೆಲಸದಲ್ಲಿ ಒಂದು ಲೆಕ್ಕ ಇತ್ತು. ಆ ಲೆಕ್ಕ ಎಲ್ಲಿ ತಪ್ಪಿತು ಎಂಬುದು ಈ ಬರಹದ ವಿಷಯ.

ಕೌದಿಗೆ ಬೇಕಾದದ್ದು ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆ, ಹಳೆಯ ಪಂಚೆ. ಮೂರು ನಾಲ್ಕು ಪದರ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸುತ್ತ ಕುಳಿತು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬರಬೇಕು. ಒಬ್ಬಳೇ ಕುಳಿತರೆ ವಾರಗಟ್ಟಲೆ ಹಿಡಿಯುವ ಕೆಲಸ. ಆದ್ದರಿಂದ ಸುಗ್ಗಿ ಮುಗಿದ ಮೇಲೆ, ಬಿಸಿಲು ಏರಿದ ಮಧ್ಯಾಹ್ನಗಳಲ್ಲಿ ನಾಲ್ಕು ಮನೆಯವರು ಕೂಡುತ್ತಿದ್ದರು. ಹೊಲದ ಕೆಲಸಕ್ಕೆ ಮುಯ್ಯಾಳು ಹೋಗುವಂತೆ ಇದಕ್ಕೂ ಮುಯ್ಯಿ: ಇವತ್ತು ನಮ್ಮ ಕೌದಿಗೆ ನೀವು ಬಂದರೆ ನಾಳೆ ನಿಮ್ಮದಕ್ಕೆ ನಾವು. ಯಾರೂ ಇದನ್ನು ಸೇವೆ ಎನ್ನಲಿಲ್ಲ, ಕಲೆ ಎಂದಂತೂ ಅನ್ನಲೇ ಇಲ್ಲ. ಬಾಣಂತಿಗೋ ಕೂಸಿಗೋ ಹೊದಿಕೆ ಸಿಗುತ್ತಿತ್ತು, ಅಷ್ಟೆ. (ಮಲೆನಾಡಿನ ಕಡೆ ಈ ಮಾತು ಹೊಂದುವುದಿಲ್ಲ. ಶೃಂಗೇರಿ, ಕೊಪ್ಪದ ಮಳೆಯಲ್ಲಿ ಒದ್ದೆಯಾದ ಕೌದಿ ಒಣಗುವ ಹೊತ್ತಿಗೆ ಮುಂದಿನ ಮಳೆಗಾಲವೇ ಬಂದಿರುತ್ತದೆ. ಅಲ್ಲಿನವರು ಕಂಬಳಿಯನ್ನು ನಂಬಿದವರು.)

ಅದು ನಿಂತದ್ದಕ್ಕೆ ದೊಡ್ಡ ಕಾರಣಗಳನ್ನು ಹುಡುಕಬೇಕಿಲ್ಲ. ಪಾಲಿಯೆಸ್ಟರ್ ಸೀರೆ ಬಂತು. ಅದು ಬೆವರು ಹೀರುವುದಿಲ್ಲ, ಪದರ ಪದರವಾಗಿ ಹಾಸಿದರೆ ಜಾರುತ್ತದೆ. ಉಳಿದ ಹಳೆಯ ಬಟ್ಟೆ ಸ್ಟೀಲ್ ಪಾತ್ರೆ ಮಾರುವವರ ಮೂಟೆ ಸೇರಿತು. ಪಾಣಿಪತ್ತಿನ ಅಗ್ಗದ ರಗ್ಗು ಸಂತೆಗೆ ಬಂತು. ಕೌದಿ ಹೊಲಿಯುತ್ತಿದ್ದವರ ಮೊಮ್ಮಕ್ಕಳಲ್ಲಿ ಹಲವರು ಈಗ ಬೆಳಗಿನ ಬಸ್ಸು ಹಿಡಿದು ಹಾಸನದ ಕೈಗಾರಿಕಾ ಪ್ರದೇಶಕ್ಕೆ ಹೋಗುತ್ತಾರೆ. ಅಲ್ಲಿ ಒಬ್ಬಳು ದಿನವಿಡೀ ಒಂದೇ ಅಂಚು ಹೊಲಿಯುತ್ತಾಳೆ, ಮುಂದಿನವಳು ಇನ್ನೊಂದು. ಅದೂ ಕೂಡಿ ಮಾಡುವ ಹೊಲಿಗೆಯೇ. ಆದರೆ ಯಾವ ಹೊಲಿಗೆ ಯಾರದೆಂದು ಗುರುತು ಸಿಗದಂತೆ ಮಾಡುವುದೇ ಅಲ್ಲಿನ ಗುಣಮಟ್ಟ.

ಇತ್ತ ಕೂಡಿ ಹೊಲಿಯುವುದು ಮನೆಗಳಿಂದ ಮರೆಯಾಗುತ್ತಿದ್ದ ಕಾಲದಲ್ಲೇ ಅತ್ತ ಪಶ್ಚಿಮದಲ್ಲಿ ಅದು ಕಲಾ ಗ್ಯಾಲರಿಯ ಬಾಗಿಲು ತಟ್ಟಿತು. 1979ರಲ್ಲಿ ಅಮೆರಿಕದ ಕಲಾವಿದೆ ಜೂಡಿ ಶಿಕಾಗೊ 'ದ ಡಿನ್ನರ್ ಪಾರ್ಟಿ'ಯನ್ನು ಪ್ರದರ್ಶಿಸಿದರು. ತ್ರಿಕೋನಾಕಾರದ ಮೇಜು, ಚರಿತ್ರೆ ಮರೆತ 39 ಮಹಿಳೆಯರಿಗೆ 39 ಎಡೆ, ಪ್ರತಿ ಎಡೆಯ ಕೆಳಗೂ ಕಸೂತಿಯ ಹಾಸು. ಐದು ವರ್ಷದ ಆ ಕೆಲಸಕ್ಕೆ ಕೈ ಹಚ್ಚಿದವರು ನಾನೂರಕ್ಕೂ ಹೆಚ್ಚು ಜನ, ಬಹುಪಾಲು ಸಂಬಳವಿಲ್ಲದವರು. ಕೃತಿ ಮಾತ್ರ ಒಬ್ಬರ ಹೆಸರಿನಲ್ಲಿ ಪ್ರಸಿದ್ಧವಾಯಿತು. ಸಹಾಯಕರ ಹೆಸರುಗಳನ್ನು ಪ್ರದರ್ಶನದ ಜೊತೆಗೇ ಫಲಕಗಳಲ್ಲಿ ಹಾಕಿದರೂ ಟೀಕೆ ತಪ್ಪಲಿಲ್ಲ: ಮರೆತುಹೋದ ಹೆಂಗಸರ ಕುರಿತ ಕೃತಿಯಲ್ಲೇ ಸೂಜಿ ಹಿಡಿದ ಹೆಂಗಸರು ಮರೆಯಾಗಬೇಕೆ? ಈ ಟೀಕೆ ಪೂರ್ತಿ ನ್ಯಾಯವಲ್ಲ ಎಂದು ನನಗನ್ನಿಸುತ್ತದೆ. ಆದರೆ ಪ್ರಶ್ನೆ ಹುಟ್ಟಿತು, ಮತ್ತೆ ಮಲಗಲಿಲ್ಲ.

ಚಿಲಿಯಲ್ಲಿ ಹೆಸರಿನ ಕಥೆ ತಿರುವುಮುರುವು. 1973ರಲ್ಲಿ ಸೇನಾ ದಂಡನಾಯಕ ಪಿನೊಚೆ ಅಧಿಕಾರ ಕಸಿದ ಮೇಲೆ ಗಂಡ, ಮಕ್ಕಳು ಕಾಣೆಯಾದ ಮಹಿಳೆಯರು ಗೋಣಿಬಟ್ಟೆಯ ಮೇಲೆ ಚಿಂದಿ ಹೊಲಿದು ಚಿತ್ರ ಮಾಡಿದರು. ಅವಕ್ಕೆ 'ಅರ್ಪಿಯೇರ' ಎಂದು ಹೆಸರು. ಚರ್ಚಿನ ನೆರವಿನಿಂದ ಅವು ಹೊರದೇಶಗಳಲ್ಲಿ ಮಾರಾಟವಾಗಿ ಮನೆಗೆ ಕಾಸು ತಂದವು. ಸಹಿ ಹಾಕಿದರೆ ಜೀವಕ್ಕೆ ಅಪಾಯ. ಹಾಗಾಗಿ ಹೆಸರಿಲ್ಲದಿರುವುದೇ ರಕ್ಷಣೆ.

ಕೌದಿಯ ಲೆಕ್ಕಕ್ಕೆ ತೀರ ಹತ್ತಿರ ಬಂದದ್ದು ಏಡ್ಸ್ ಸ್ಮಾರಕ ಕೌದಿ. 1985ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ಮೆರವಣಿಗೆಯೊಂದರಲ್ಲಿ ಜನ ಏಡ್ಸ್‌ನಿಂದ ಸತ್ತ ತಮ್ಮವರ ಹೆಸರುಗಳನ್ನು ರಟ್ಟಿನಲ್ಲಿ ಬರೆದು ಸರ್ಕಾರಿ ಕಟ್ಟಡದ ಗೋಡೆಗೆ ಅಂಟಿಸಿದರು. ಹೋರಾಟಗಾರ ಕ್ಲೀವ್ ಜೋನ್ಸ್ ಅವರಿಗೆ ಆ ಗೋಡೆ ತೇಪೆ ಹಾಕಿದ ಹೊದಿಕೆಯಂತೆ ಕಂಡಿತು. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಿನಲ್ಲಿ 1,920 ತುಂಡುಗಳನ್ನು ಹಾಸಿದರು. ಈಗ ಸುಮಾರು 50,000 ಇವೆ, ತೂಕ 54 ಟನ್. ಆಕಾರಕ್ಕೆ ಇದ್ದ ಕಟ್ಟಳೆ ಮೂರು ಅಡಿ ಅಗಲ, ಆರು ಅಡಿ ಉದ್ದ, ಒಂದು ಗೋರಿಯಷ್ಟು. ಒಳಗೆ ಏನು ಹೊಲಿಯಬೇಕು, ಹೊಲಿಗೆ ಚೆನ್ನಾಗಿದೆಯೇ ಎಂದು ಯಾರೂ ತೀರ್ಪು ಕೊಡಲಿಲ್ಲ. ಸೊಟ್ಟ ಹೊಲಿಗೆಯೂ ನಿಂತಿತು. ಇಲ್ಲಿ ಕೂಲಿಯ ಮಾತೇ ಏಳುವುದಿಲ್ಲ. ಹೊಲಿದವರು ತಮ್ಮವರಿಗಾಗಿ ಹೊಲಿದರು.

ನಮ್ಮ ರಾಜ್ಯದಲ್ಲಿ ದಾರಿ ಬೇರೆ. ಉತ್ತರ ಕನ್ನಡದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿ 'ಕವಂದಿ'ಗೆ 2004ರಲ್ಲಿ ಸಹಕಾರ ಸಂಘ ಆಯಿತು, ಕವಂದಿ ಅಮೆರಿಕಕ್ಕೂ ಹೋಯಿತು. 2023ರ ಜುಲೈನಲ್ಲಿ ಜಿ-20 ಸಭೆಗಾಗಿ ಹಂಪಿಯಲ್ಲಿ ಸಂಡೂರಿನ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ 1,755 ಕಸೂತಿ ತುಂಡುಗಳನ್ನು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಕಡೂರು, ತರೀಕೆರೆಯ ತಾಂಡಾಗಳ ಹೆಂಗಸರೂ ಇದೇ ಸೂಜಿಯ ಒಕ್ಕಲಿನವರು. ಎರಡೂ ಕಡೆ ಹೊಲಿಗೆ ದುಡಿಮೆಯ ದಾರಿ, ಅದು ಸಣ್ಣ ಮಾತಲ್ಲ. ಆದರೂ ದಾಖಲೆಯ ಸುದ್ದಿ ಓದಿ ನಮ್ಮ ನೆನಪಿನಲ್ಲಿ ಉಳಿಯುವುದು ಅಂಕಿಗಳು.

ಸಾಮೂಹಿಕ ಕೆಲಸದಲ್ಲಿ ಹೆಸರು ಹಾಕುವುದು ಕಷ್ಟ ಎಂದು ಯಾರಾದರೂ ಹೇಳಿದರೆ ಅವರನ್ನು ಬೇಲೂರಿಗೆ ಕರೆದೊಯ್ಯಬೇಕು. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯ ಮದನಿಕೆಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ತರೀಕೆರೆ ಹತ್ತಿರದ ಅಮೃತಾಪುರದ ಗುಡಿಯಲ್ಲಿ ಮಲ್ಲಿತಮ್ಮನ ಕೈ ಇದೆ. ಮುಂದೆ ಸೋಮನಾಥಪುರದಲ್ಲೂ ಅವನ ಸಹಿ ಸಿಗುತ್ತದೆ. ಬಳಪದ ಕಲ್ಲನ್ನು ಹೊತ್ತು ತಂದವರ ಹೆಸರು ಅಲ್ಲೂ ಇಲ್ಲ, ನಿಜ. ಆದರೆ ರಾಜನ ಗುಡಿಯಲ್ಲಿ ರೂವಾರಿಗೆ ಜಾಗ ಸಿಕ್ಕಿತ್ತು.

ಈಚಿನ ಯೋಜನೆಗಳಲ್ಲಿ ಕೆಲವು ಈ ಪಾಠ ಕಲಿತಿವೆ. ಬ್ರಿಟನ್ನಿನ ಕರ್ಸ್ಟಿ ಮ್ಯಾಕ್ಲಿಯಡ್ 2009ರಲ್ಲಿ ಆರಂಭಿಸಿದ ಕೆಂಪು ಉಡುಪಿನ ಕಸೂತಿಯಲ್ಲಿ 51 ದೇಶಗಳ 380 ಜನ ಕೈಯಾಡಿಸಿದ್ದಾರೆ. ಕೇಳಿ ಮಾಡಿಸಿಕೊಂಡ ಕಸೂತಿಗೆ ಹಣ ಕೊಟ್ಟಿದ್ದಾರೆ, ಏನು ಹೊಲಿಯಬೇಕೆಂಬ ಆಯ್ಕೆಯನ್ನು ಹೊಲಿಯುವವರಿಗೇ ಬಿಟ್ಟಿದ್ದಾರೆ.

ನಾನು ಚಿಕ್ಕಮಗಳೂರಿನಲ್ಲಿ ಕಂಡದ್ದು ಬೇರೆ. ಸಭಾಂಗಣವೊಂದರಲ್ಲಿ ಮೂರು ದಿನ ಮಹಿಳೆಯರನ್ನು ಕೂಡಿಸಿ, ತಲಾ ಒಂದು ಅಡಿ ಚೌಕದ ಖಾದಿ ಕೊಟ್ಟು, ಕಾಫಿ ಗಿಡದ ಎಲೆ ಹಣ್ಣು ಹೊಲಿಯಿರಿ ಎಂದಿದ್ದರು. ಕಡೂರಿನ ಕಡೆಯ ಹಿರಿಯ ಹೆಂಗಸೊಬ್ಬರು ತೆಂಗಿನ ಮರ ಹೊಲಿದರು. ಕೇಳಿದ್ದಕ್ಕೆ, 'ನಮ್ಮೂರಿನಲ್ಲಿ ಕಾಫಿ ಎಲ್ಲಿದೆಯಪ್ಪಾ' ಎಂದರು. ಸಂಘಟಕರು ನಕ್ಕರು. ಸಂಜೆ ಎಲ್ಲರಿಗೂ ಊಟ ಮತ್ತು ಪ್ರಮಾಣಪತ್ರ ಸಿಕ್ಕಿತು. ಕೆಲವು ತಿಂಗಳ ನಂತರ ಅದೇ ಬಟ್ಟೆ ಬೆಂಗಳೂರಿನ ಕಟ್ಟಡವೊಂದರಲ್ಲಿ ತೂಗುತ್ತಿತ್ತು. ಕೆಳಗೆ ವಿನ್ಯಾಸಕಾರರ ಹೆಸರು, ಪಕ್ಕದಲ್ಲಿ 'ಸ್ಥಳೀಯ ಮಹಿಳೆಯರ ಸಹಭಾಗಿತ್ವದಲ್ಲಿ'. ಎಡಗಡೆಯ ಕೆಳಸಾಲಿನಲ್ಲಿ ಆ ಚೌಕ ಸಿಕ್ಕಿತು. ಯಾರೋ ನುರಿತವರು ಅಚ್ಚುಕಟ್ಟಾದ ಕಾಫಿ ಎಲೆ ಹೊಲಿದಿದ್ದರು. ಖಾದಿ ದಪ್ಪ ಬಟ್ಟೆ, ದಾರ ಬಿಚ್ಚಿದರೂ ಸೂಜಿಯ ತೂತು ಬೇಗ ಮುಚ್ಚುವುದಿಲ್ಲ. ಹಿಂದಿನ ಕಿಟಕಿಯಿಂದ ಬೆಳಕು ಬರುತ್ತಿದ್ದಾಗ, ಎಲೆಯ ಆಚೆ ಈಚೆ, ತೆಂಗಿನ ಗರಿಯ ಸಾಲು ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು.